ಬೆರಳಿನ ಬೂಟು, ತಂಗೆವ್ವನ ಹರಕೆ

ನಿಪ್ಪಾಣಿಯಿಂದ ಅಥಣಿಯವರೆಗೆ ನಡೆದುಕೊಂಡೇ ಹೋಗುತ್ತೇನೆ ಎಂದು ನಾನು ಮನೆಯಲ್ಲಿ ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತದೆ, ಬಸ್ ಬಂದ್ ಅದಾವೇನು ಎಂದು ಕೇಳಿದರು. ಇಲ್ಲ, ಆರೋಗ್ಯಕ್ಕೆ ಎಂದೆ. ಹಾಗಿದ್ದರೆ ತಂಬಾಕಿನ ಗೋದಾಮಿನ ತನಕ ಹೋಗಿ ಬಾ, ನಿನ್ನ ಆರೋಗ್ಯಕ್ಕೆ ಅಷ್ಟು ಸಾಕು ಎಂದರು.

ತಪ್ಪು ಅಪ್ಪನದಲ್ಲ. ನನ್ನ ಹೊಟ್ಟೆಪಾಡು ಮೊಬೈಲ್ ರಿಪೇರಿ, ಚಟ ಮಂದಿಯ ನಕಲು. ಮದುವೆ, ಶಾಲೆಯ ಗ್ಯಾದರಿಂಗು, ಎಲ್ಲಿ ಮೈಕ್ ಸಿಕ್ಕರೂ ಊರವರ ದನಿ, ನಡಿಗೆ, ಕೆಮ್ಮು ಎಲ್ಲವನ್ನೂ ಕದ್ದು ತೋರಿಸುತ್ತೇನೆ. ಆ ವರ್ಷ ಒಂದು ಮದುವೆಯಲ್ಲಿ ದಪ್ಪ ಫೌಜದಾರನ ನಕಲು ಮಾಡಲೆಂದು ಹೊಟ್ಟೆಗೆ ತಲೆದಿಂಬು ಕಟ್ಟಿಕೊಳ್ಳಲು ಹೋದರೆ ಗೆಳೆಯ ತಡೆದು, "ಬ್ಯಾಡ ಬಿಡಲೇ, ಹಂಗಽ ನಡೀತೈತಿ" ಎಂದ. ಮಂಟಪವೆಲ್ಲ ನಕ್ಕಿತು. ಮರುದಿನದಿಂದ ಅಂತರ್ಜಾಲದಲ್ಲಿ ವ್ಯಾಯಾಮದ ವಿಡಿಯೊ ನೋಡತೊಡಗಿದೆ. ನೋಡುವುದರಿಂದಲೇ ಸ್ವಲ್ಪ ಕರಗಬಹುದೆಂಬ ಆಸೆ ಇತ್ತು, ಕರಗಲಿಲ್ಲ.

ಅದೇ ಗೆಳೆಯ ಪುಣೆಯಿಂದ ತಂದ ಬೂಟು ತನಗೆ ಬಿಗಿಯಾಯಿತೆಂದು ನನಗೆ ಕೊಟ್ಟ. ಕರಿ ಬಣ್ಣ, ಐದು ಬೆರಳಿಗೆ ಐದು ಚೀಲ, ತಳ ಕಟಕ್ ರೊಟ್ಟಿಯಷ್ಟು ತೆಳ್ಳಗೆ, ಹಿಮ್ಮಡಿಗೆ ಎತ್ತರವೇ ಇಲ್ಲ. ಹಾಕಿಕೊಂಡರೆ ಬರಿಗಾಲಲ್ಲಿ ನಡೆದ ಹಾಗೆಯೇ ಎಂಬುದು ಮಾಡಿದವರ ಹೆಚ್ಚುಗಾರಿಕೆ. ಹಾಗಾದರೆ ಬರಿಗಾಲಲ್ಲೇ ನಡೆಯಬಾರದೇಕೆ ಎಂದು ಅವ್ವ ಕೇಳಿದಳು. ನಿನಗೆ ತಿಳಿಯುವುದಿಲ್ಲ ಎಂದೆ. ನನಗೂ ತಿಳಿದಿರಲಿಲ್ಲ.

ಜನವರಿಯ ಒಂದು ಬೆಳಗ್ಗೆ ಹೊರಟೆ. ನಿಪ್ಪಾಣಿಯ ತಂಬಾಕಿನ ಘಾಟು ಊರ ಹೊರಗಿನವರೆಗೂ ಬಂದು ಕಳಿಸಿಕೊಟ್ಟಿತು. ಕಬ್ಬು ಕಡಿಯುವ ಕಾಲ. ಚಿಕ್ಕೋಡಿ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಹಾಡು ಜೋರಾಗಿ ಹಚ್ಚಿಕೊಂಡು, ಬಸುರಿಯರಂತೆ ಓಲಾಡುತ್ತ ಹೋಗುತ್ತಿದ್ದವು. ನಮ್ಮ ಕಡೆ ಒಬ್ಬ ರಸ್ತೆಯಲ್ಲಿ ಒಂಟಿಯಾಗಿ ನಡೆದರೆ ಮಂದಿಗೆ ಸಮಾಧಾನವಿರುವುದಿಲ್ಲ. ಬೈಕಿನವರು ನಿಂತು ಹತ್ತು ಎನ್ನುತ್ತಿದ್ದರು. ಒಲ್ಲೆ ಎಂದರೆ ಮುಖ ನೋಡುತ್ತಿದ್ದರು. ಒಬ್ಬರು ಗಾಡಿ ಬಂದ್ ಮಾಡಿ, "ಮನ್ಯಾಗ ಜಗಳಾಡಿ ಬಂದೀರೇನ್ರಿ?" ಎಂದು ಮೆಲ್ಲಗೆ ವಿಚಾರಿಸಿದರು. ಅಲ್ಲ ಎಂದಷ್ಟೂ ಅವರಿಗೆ ಖಾತ್ರಿಯಾಯಿತು. ಸಿಟ್ಟು ಎರಡು ದಿನದ್ದು, ತಂದೆ ತಾಯಿ ದೇವರಂಥವರು ಎಂದು ಬುದ್ಧಿ ಹೇಳಿ ಹೋದರು. ಅವರ ದನಿ ಚೆನ್ನಾಗಿತ್ತು, ಎತ್ತಿಟ್ಟುಕೊಂಡೆ.

ಮಧ್ಯಾಹ್ನ ಒಂದು ಗಾಡಿಯಂಗಡಿಯಲ್ಲಿ ವಡಾಪಾವ್ ತಿಂದೆ. ಒಂದರಲ್ಲಿ ನಿಲ್ಲಿಸಬೇಕೆಂದಿದ್ದೆ, ಗಾಡಿಯವರ ಮನಸ್ಸು ನೋಯಿಸಬಾರದೆಂದು ಮೂರು ತಿಂದೆ. ಆಮೇಲೆ ಶುರುವಾಯಿತು ನೋವು. ಹಿಮ್ಮಡಿಯಿಲ್ಲದ ಬೂಟು ಎಲ್ಲ ಭಾರವನ್ನೂ ಮೀನಖಂಡದ ಮೇಲೆ ಹಾಕುತ್ತದೆ. ಮೊದಲು ಸ್ವಲ್ಪ ಸ್ವಲ್ಪ ನಡೆದು ರೂಢಿ ಮಾಡಿಕೊಳ್ಳಿ ಎಂದು ವಿಡಿಯೊದವರು ಹೇಳಿದ್ದರು. ಆ ಭಾಗವನ್ನು ನಾನು ಮುಂದೆ ಓಡಿಸಿದ್ದೆ. ಸಂಜೆ ಚಿಕ್ಕೋಡಿಯಲ್ಲಿ ಅತ್ತೆಯ ಮನೆಯ ಮೆಟ್ಟಿಲನ್ನು ಕೈಯಿಂದ ಹತ್ತಿದೆ ಎಂದರೂ ಸುಳ್ಳಲ್ಲ. ಅತ್ತೆ ಬಿಸಿ ರೊಟ್ಟಿಯ ಮೇಲೆ ತುಪ್ಪ ಹಾಕಿ, ಝುಣಕ ಬಡಿಸಿ, ಬಡವಾಗಿದ್ದೀ ಎಂದಳು. ಜಗತ್ತಿನಲ್ಲಿ ನನಗೆ ಆ ಮಾತು ಹೇಳುವವಳು ಅವಳೊಬ್ಬಳೇ. ಅವಳ ಹೊಟ್ಟೆ ತಣ್ಣಗಿರಲಿ.

ಮರುದಿನ ಅಂಕಲಿಯ ಕಡೆ ಹೊರಟೆ. ದೂರ ಕಡಿಮೆ, ಆದರೆ ನನ್ನ ಕಾಲುಗಳಿಗೆ ಅದು ಗೊತ್ತಿರಲಿಲ್ಲ. ಊರು ಇನ್ನೂ ಸ್ವಲ್ಪ ಮುಂದಿರುವಾಗಲೇ ರಸ್ತೆಗೆ ಹತ್ತಿಕೊಂಡ ಒಂದು ಮನೆಯ ಕಟ್ಟೆಯ ಮೇಲೆ ಕುಸಿದು ಕೂತೆ. ಹಿಂದೆ ಕಬ್ಬಿನ ಹೊಲ, ಮುಂದೆ ಬೇವಿನ ಮರದ ಕೆಳಗೆ ಹಗ್ಗದ ಹೊರಸಿನ ಮೇಲೆ ಒಬ್ಬ ಹಿರಿಯರು. ಒಳಗಿಂದ ಅವರ ಹೆಂಡತಿ ತಂಬಿಗೆ ಹಿಡಿದುಕೊಂಡು ಕುಂಟುತ್ತ ಬಂದಳು. ನಡೆದು ಹೋಗುವವರ ಕಾಲಿಗೆ ನೀರು ಹಾಕದೆ ಕಳಿಸಬಾರದು ಎಂಬುದು ಆ ಕಡೆಯ ಪದ್ಧತಿ. ನಾನು ಬೇಡ ಎನ್ನುವುದರೊಳಗೆ ಬಿಸಿನೀರನ್ನು ನನ್ನ ಕಾಲ ಮೇಲೆ ಸುರಿದು, ಬಗ್ಗಿ ಬೆರಳು ಒತ್ತಿದವಳು ಕೈ ಹಿಂದೆಗೆದುಕೊಂಡಳು.

"ಯವ್ವಾ, ಬೆರಳು ಹಿಂಗ್ಯಾಕ ಕರ‍್ರಗಾಗ್ಯಾವೋ ತಮ್ಮಾ?"

ಬೂಟು ಕಳಚಿದೆ. ಒಳಗಿಂದ ನನ್ನ ಅಸಲಿ ಕಾಲು, ನೀರಲ್ಲಿ ನೆನೆಹಾಕಿದ ಅವಲಕ್ಕಿಯಂತೆ ಬೆಳ್ಳಗೆ ಬಂದಿತು. ಹೊರಸಿನ ಮೇಲಿದ್ದವರು ಬೂಟನ್ನು ಕೈಗೆ ತೆಗೆದುಕೊಂಡು, ಒಂದೊಂದೇ ಬೆರಳನ್ನು ಎಳೆದು ನೋಡಿ, ಇದು ಕಾಲಿನ ಕೈಗವಸು ಎಂದು ತೀರ್ಪು ಕೊಟ್ಟರು. ಅವರ ಹೆಸರು ಭೀಮಣ್ಣ, ಅವಳ ಹೆಸರು ತಂಗೆವ್ವ. ಕಾಕಾ, ಕಾಕು ಎಂದೆ. ಅವತ್ತು ಮುಂದೆ ನಡೆಯುವುದು ಆಗದ ಮಾತೆಂದು ಅವರಿಗೂ ಕಂಡಿತು. ಅಲ್ಲೇ ಇಳಿಸಿಕೊಂಡರು.

ಯಾವ ದೇವರಿಗೆ ಹೊಂಟೀದಿ ಎಂದು ತಂಗೆವ್ವ ಕೇಳಿದಳು. ಹರಕೆ ಅಲ್ಲ ಕಾಕು, ಹೊಟ್ಟೆ ಕರಗಿಸಲು ಎಂದೆ. ಆ ಉತ್ತರ ಅವಳಿಗೆ ರುಚಿಸಲಿಲ್ಲ. ಸ್ವಲ್ಪ ಹೊತ್ತು ರೊಟ್ಟಿ ಬಡಿದು, ಆಮೇಲೆ ತನ್ನ ಕಥೆ ಹೇಳಿದಳು. ಹಿಂದಿನ ವರ್ಷ ಭೀಮಣ್ಣನವರಿಗೆ ಮಿರಜಿನ ದವಾಖಾನೆಯಲ್ಲಿ ಎದೆಯ ಆಪರೇಶನ್ ಆಗಿತ್ತು. ಗಂಡ ಜೀವಂತ ಮನೆಗೆ ಬಂದರೆ ಇಬ್ಬರೂ ಬರಿಗಾಲಲ್ಲಿ ನಡೆದು ಕಾಗವಾಡದ ಹೊರಗಿನ ಹನುಮಪ್ಪನಿಗೆ ಕಾಯಿ ಒಡೆಸುತ್ತೇವೆ ಎಂದು ಅವಳು ಅಲ್ಲೇ, ದವಾಖಾನೆಯ ಮೆಟ್ಟಿಲ ಮೇಲೆ ಹರಕೆ ಹೊತ್ತಿದ್ದಳು. ಗಂಡ ಬಂದ. ಅವಳ ಮೊಣಕಾಲು ಹೋಯಿತು. ಭೀಮಣ್ಣನವರಿಗೆ ದಿನಾ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದರೂ ಅಂಗಳ ದಾಟುವ ಧೈರ್ಯ ಬರಲಿಲ್ಲ. ಹರಕೆ ಹಾಗೇ ಉಳಿಯಿತು. ಈಗ ಗಂಡ ಒಂದು ಸಲ ಕೆಮ್ಮಿದರೂ ಅದು ಹನುಮಪ್ಪ ಕರೆದು ಕೇಳಿದಂತೆ ಅವಳಿಗೆ ಕೇಳಿಸುತ್ತಿತ್ತು.

"ನೀ ಹ್ಯಾಂಗೂ ಆ ಹಾದ್ಯಾಗಽ ಹೊಂಟೀದಿ. ನಮ್ಮದೂ ನಡದ ಬಿಡೋ ತಮ್ಮಾ," ಎಂದಳು. ಬೇರೆಯವರ ಹರಕೆಯನ್ನು ನಡೆದು ಕೊಡುವುದುಂಟಂತೆ, ಮನಸ್ಸಿನಿಂದ ಒಪ್ಪಿದರೆ ಸಾಕಂತೆ.

ನಾನು ಒಪ್ಪಿದೆ. ಆದರೆ ಬೂಟಿನ ಪ್ರಶ್ನೆ ಬಂತು. ಇದು ಬರಿಗಾಲಿನ ಬೂಟು, ಬರಿಗಾಲೇ ಎಂದು ಲೆಕ್ಕ ಎಂದು ನಾನು ವಕೀಲಿ ಮಾಡಿದೆ. ದೇವರಿಗೆ ಬೆರಳು ಕಾಣಬೇಕು ಎಂದಳು ತಂಗೆವ್ವ. ಕಾಣುತ್ತವಲ್ಲ, ಒಂದೊಂದೂ ಬೇರೆ ಬೇರೆ ಕಾಣುತ್ತವೆ ಎಂದೆ. ಪೊಟ್ಟಣದಲ್ಲಿಟ್ಟ ಕಾಯಿ ಒಡೆದಂತೆ ಆಯಿತದು ಎಂದಳು. ಭೀಮಣ್ಣ ಮಾತ್ರ ಎರಡಕ್ಕೂ ಒಪ್ಪಲಿಲ್ಲ. "ಮಂದಿ ಕಾಲಿಂದ ನಮ್ಮ ಹರಕಿ ತೀರತೈತೇನ? ಸುಮ್ನಿರು," ಎಂದು ಹೆಂಡತಿಗೆ ಹೇಳಿ ಆ ಕಡೆ ಹೊರಳಿ ಮಲಗಿದರು.

ಮನೆಯಲ್ಲಿ ಮೌನ ಬಂದರೆ ನನಗೆ ತಡೆಯಲಾಗುವುದಿಲ್ಲ. ಊಟಕ್ಕೆ ಮುಂಚೆ ನನ್ನ ಸಾಮಾನು ಬಿಚ್ಚಿದೆ. ಅಪ್ಪ, ಅತ್ತೆ, ಬೈಕಿನ ಬುದ್ಧಿವಂತರು, ಗಿಡ ತಬ್ಬಿಕೊಂಡು ಉಸಿರೆಳೆಯುವ ವಿಡಿಯೊದ ಗುರು, ಮೆಟ್ಟಿಲು ಹತ್ತುವ ನಾನು. ಭೀಮಣ್ಣ ಎದ್ದು ಕೂತರು, ಎದೆ ಹಿಡಿದುಕೊಂಡು ನಕ್ಕರು. ಹೊಲಿಗೆ ಬಿಚ್ಚೀತು ಎಂದು ತಂಗೆವ್ವ ಬೈದಳು. ವರ್ಷದ ಹಿಂದಿನ ಹೊಲಿಗೆ ಅದು.

"ನಂದ್ ಮಾಡ ನೋಡೂಣು," ಎಂದರು ಭೀಮಣ್ಣ.

ಬೇಡ ಎನ್ನಬಹುದಿತ್ತು. ಆದರೆ ಮಧ್ಯಾಹ್ನದಿಂದ ನನ್ನ ಕಣ್ಣು ತನ್ನ ಕೆಲಸ ಮಾಡಿಬಿಟ್ಟಿತ್ತು. ಹೊರಸಿನ ಮೇಲೆ ಮಲಗಿದೆ. ಎಡಗೈಯನ್ನು ಎದೆಗೆ ಒತ್ತಿಕೊಂಡೆ. ಬಲಗಾಲನ್ನು ಇಳಿಬಿಟ್ಟು, ನೆಲ ಗಟ್ಟಿಯಿದೆಯೋ ಇಲ್ಲವೋ ಎಂಬಂತೆ ಹೆಬ್ಬೆರಳಿಂದ ಮುಟ್ಟಿ ನೋಡಿದೆ. ಎದ್ದು ನಿಲ್ಲುವ ಮೊದಲು ತಂಗೆವ್ವ ಎಲ್ಲಿದ್ದಾಳೆಂದು ಹುಡುಕಿದೆ. ಎರಡು ಹೆಜ್ಜೆ ಇಟ್ಟು, ಒಳಗೆ ಏನೋ ಒಡೆಯುವ ಸಪ್ಪಳ ಬರುತ್ತದೋ ಎಂದು ಕಿವಿಗೊಟ್ಟು ನಿಂತೆ.

ಯಾರೂ ನಗಲಿಲ್ಲ. ತಂಗೆವ್ವ ಸೆರಗು ಬಾಯಿಗಿಟ್ಟುಕೊಂಡು ಒಲೆಯ ಕಡೆ ತಿರುಗಿದಳು. ಈ ಹಾಳು ಚಟದಿಂದ ಹಿಂದೆ ಒಂದೆರಡು ಏಟು ತಿಂದದ್ದುಂಟು, ಅದಾದರೂ ವಾಸಿ ಅನಿಸಿತು.

"ನಾ ಹಂಗ ಏಳ್ತೀನೇನು?" ಎಂದು ಭೀಮಣ್ಣ ಕೇಳಿದರು.

"ಹೌದ್ರಿ ಕಾಕಾ."

"ದಿನಾ?"

ಅದಕ್ಕೆ ತಂಗೆವ್ವ ಒಲೆಯ ಕಡೆಯಿಂದಲೇ ಹೂಂ ಎಂದಳು. ಆಮೇಲೆ ಊಟ. ಖಾರಬ್ಯಾಳಿ ಬಹಳ ರುಚಿಯಾಗಿತ್ತು, ಆದರೆ ಅವತ್ತು ನಾನು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ಬೆಳಗ್ಗೆ ತಂಗೆವ್ವ ಒಂದು ತೆಂಗಿನಕಾಯಿಗೆ ಅರಿಷಿಣ ಕುಂಕುಮ ಹಚ್ಚಿ, ಕುಬಸದ ಖಣದಲ್ಲಿ ಸುತ್ತಿ ನನ್ನ ಕೈಗಿತ್ತಳು. ಬೂಟು ತೊಡದೆ ಚೀಲಕ್ಕೆ ಹಾಕಿಕೊಂಡೆ. ಬಂದವರನ್ನು ಹತ್ತು ಹೆಜ್ಜೆ ಕಳಿಸಿ ಬರುವುದು ಮನೆಯ ಯಜಮಾನನ ಕೆಲಸ. ಭೀಮಣ್ಣ ಎದ್ದರು, ಎಡಗೈ ಎದೆಗೆ ಹೋಯಿತು, ನನ್ನನ್ನು ನೋಡಿ ಅದನ್ನು ಕೆಳಗೆ ಇಳಿಸಿದರು. ಅಂಗಳ ದಾಟಿದರು. ಪಕ್ಕದ ಹೊಲದ ತನಕ ಬರುತ್ತೇನೆಂದರು. ಅಲ್ಲಿ ಕಬ್ಬು ಕಡಿಯುವವರೊಂದಿಗೆ ಮಾತಾಡಿ, ಊರ ತನಕ ಎಂದರು. ಊರಲ್ಲಿ ಚಹಾದ ಅಂಗಡಿಯವರು, ಏನ್ ಭೀಮಣ್ಣ, ಮಿರಜದಿಂದ ಇವತ್ತು ಬಂದಿ ಏನು ಎಂದು ಕಾಡಿದರು. ವರ್ಷವಾದ ಮೇಲೆ ಭೀಮಣ್ಣನವರ ಮುಖ ನೋಡುತ್ತಿದ್ದರು. ಚಹಾ ಕುಡಿಸಿದರು, ದುಡ್ಡು ಮುಟ್ಟಲಿಲ್ಲ. ಅಲ್ಲೇ ಅವರಿಗೆ ತಂಗೆವ್ವನ ಫೋನು ಬಂತು. "ಇಲ್ಲೇ ಅದೀನಿ, ಸತ್ತಿಲ್ಲ," ಎಂದು ಹೇಳಿ ಇಟ್ಟರು. ನನ್ನ ಕಡೆ ತಿರುಗಿ, ಇನ್ನು ನೀ ಹೋಗು, ನಾ ಸಾವಕಾಶ ಮನೆಗೆ ಹೋಗ್ತೀನಿ ಎಂದರು. ಅಂಗಡಿಯವರು ಅವರನ್ನು ಇನ್ನೂ ಬಿಡುವ ಹಾಗೆ ಕಾಣಲಿಲ್ಲ.

ಕೃಷ್ಣೆಯ ಸೇತುವೆ ದಾಟುವಾಗ ಕೆಳಗೆ ನೀರಿನ ಮೇಲೆ ಮಂಜು ಇನ್ನೂ ಇತ್ತು. ಅಂಗಾಲಿಗೆ ತಂಪು. ಇದೇನು ಮಹಾ ಎಂದುಕೊಂಡೆ. ಹೊತ್ತು ಏರಿದ ಮೇಲೆ ಗೊತ್ತಾಯಿತು. ಡಾಂಬರು ಕಾದ ಹಂಚಾಯಿತು. ಅಂಚಿಗೆ ಇಳಿದರೆ ಜಾಲಿಮುಳ್ಳು, ಇನ್ನೊಂದು ಅಂಚಿಗೆ ಹೋದರೆ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬಿನ ಸಿಬರು. ಅವ್ವ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು: ಬೂಟಿನ ತಳ ರೊಟ್ಟಿಯಷ್ಟೇ ತೆಳ್ಳಗಿರಬಹುದು, ಆದರೆ ಹಸಿದವನಿಗೆ ರೊಟ್ಟಿ ಸಣ್ಣದಲ್ಲ. ಎರಡು ಸಲ ಬೂಟನ್ನು ಹೊರಗೆ ತೆಗೆದೆ, ಎರಡು ಸಲವೂ ಕಾಯಿಯನ್ನು ನೋಡಿ ಒಳಗಿಟ್ಟೆ. ಆದರೂ ಆ ದಿನ ನಾನು ಉಣ್ಣದ ಮನೆಯಿಲ್ಲ ಎನ್ನಬೇಕು. ಬರಿಗಾಲು ಮತ್ತು ಕೈಯಲ್ಲಿ ಕಾಯಿ ಕಂಡದ್ದೇ ತಡ, ದಾರಿಯುದ್ದಕ್ಕೂ ಕಾಲಿಗೆ ನೀರು ಹಾಕಿದರು, ಮಜ್ಜಿಗೆ ಕೊಟ್ಟರು. ದ್ರಾಕ್ಷಿ ತೋಟದ ಒಬ್ಬ ಅಜ್ಜಿ ಮರಾಠಿಯಲ್ಲಿ ಹರಸಿ ಚೀಲಕ್ಕೆ ಒಂದು ಗೊಂಚಲು ಹಾಕಿದಳು. ಆರೋಗ್ಯಕ್ಕೆ ನಡೆದಾಗ ಮನೆ ಬಿಟ್ಟು ಓಡಿಬಂದವ, ಹರಕೆಗೆ ನಡೆದಾಗ ಮನೆಯ ಮಗ. ಅವರೆಲ್ಲರಿಗೂ ಕೈ ಮುಗಿದೆ, ಈಗಲೂ ಮುಗಿಯುತ್ತೇನೆ.

ಇಳಿಹೊತ್ತಿಗೆ ಕಾಗವಾಡದ ಹೊರಗಿನ ಗುಡಿಗೆ ಮುಟ್ಟಿದೆ. ಸಣ್ಣ ಗುಡಿ, ಮುಂದೆ ನಳ, ಒಂದು ಅರಳೀಮರ. ಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ಮುಳ್ಳು ತೆಗೆಯುತ್ತಿದ್ದೆ. ಬಸ್ ಸ್ಟ್ಯಾಂಡಿನ ಕಡೆಯಿಂದ ಇಬ್ಬರು ಬರುತ್ತಿದ್ದರು. ಮುಂದಿದ್ದವರು ಬರಿಗಾಲಲ್ಲಿದ್ದರು, ಕೈಗಳು ಎರಡೂ ಕೆಳಗಿದ್ದವು. ಹಿಂದೆ ಮೊಣಕಾಲಿಗೆ ಅರಿವೆ ಬಿಗಿದುಕೊಂಡ ತಂಗೆವ್ವ, ಅವಳ ಚೀಲದಿಂದ ಎರಡು ಜೊತೆ ಚಪ್ಪಲಿಗಳು ಹೊರಗೆ ಇಣುಕುತ್ತಿದ್ದವು.

ಚಹಾದ ಅಂಗಡಿಯಿಂದ ಮನೆಗೆ ಹೋದವರು ಹೊರಸಿನ ಮೇಲೆ ಕೂರಲೇ ಇಲ್ಲವಂತೆ. ಊರ ತನಕ ಹೋಗಿ ಬಂದವನಿಗೆ ಕಾಗವಾಡದ ಸ್ಟ್ಯಾಂಡಿನಿಂದ ಗುಡಿಯ ತನಕ ಆಗುವುದಿಲ್ಲವೇನು, ಏಳು ಎಂದರಂತೆ. ತಂಗೆವ್ವ ಅದನ್ನು ಹೇಳುತ್ತಲೇ ನನ್ನ ಅಂಗಾಲನ್ನು ತಿರುಗಿಸಿ ನೋಡಿ ಬಾಯಲ್ಲಿ ಚ್ ಚ್ ಎಂದಳು. ಭೀಮಣ್ಣನವರ ಹಣೆ ಬೆವೆತಿತ್ತು. ನಿಂತು ಉಸಿರು ತೆಗೆದುಕೊಂಡು ಕೈ ಚಾಚಿದರು.

"ತಾ ಇಲ್ಲಿ ಕಾಯಿ. ನೀ ಹೊತ್ತು ತಂದದ್ದು ಭಾಳ ಆತು. ಒಡಸೋದು ನಮ್ಮದು."

ಕೊಟ್ಟೆ. ದಿನವಿಡೀ ಹೊತ್ತು ಕೈ ಅದಕ್ಕೆ ಒಗ್ಗಿಹೋಗಿತ್ತು, ಖಾಲಿ ಎನಿಸಿತು. ಪೂಜಾರಿ ಕಾಯಿ ಒಡೆದರು. ತಂಗೆವ್ವ ಕಣ್ಣು ಮುಚ್ಚಿ, ಹತ್ತಿರದವರಿಗೆಲ್ಲ ಕೇಳುವಂತೆ ದೇವರಿಗೆ ಲೆಕ್ಕ ಒಪ್ಪಿಸಿದಳು: "ಬಸ್ಸಿನ್ಯಾಗ ಬಂದದ್ದು ಬಿಟ್ಟು ಬಿಡಪ್ಪಾ. ಉಳದದ್ದು ಈ ಹುಡುಗಂದೂ ನಮ್ಮದೂ ಕೂಡಿಸ್ಕೊ." ಹನುಮಪ್ಪ ಏನೆಂದನೋ ಗೊತ್ತಿಲ್ಲ. ಅವಳ ಮುಖ ಮಾತ್ರ ಹಿಂದಿನ ದಿನ ಒಲೆಯ ಮುಂದೆ ಕಂಡ ಮುಖವಾಗಿರಲಿಲ್ಲ. ಅರ್ಧ ಹೋಳು ನನ್ನ ಚೀಲಕ್ಕೆ ತುರುಕಿ, ಅಥಣಿಯಲ್ಲಿ ಕಾಲಿಗೆ ಔಷಧ ಹಚ್ಚಿಸಿಕೋ ಎಂದು ತಾಕೀತು ಮಾಡಿದಳು.

ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಅವರು ಹೊರಟರು. ನಾನು ಬೂಟಿನ ಬೆರಳುಗಳಿಗೆ ನನ್ನ ಬೆರಳುಗಳನ್ನು ತುರುಕುತ್ತ, ಅಥಣಿಯ ರಸ್ತೆಗೆ ಬೆನ್ನು ಹಾಕಿ ಅವರನ್ನೇ ನೋಡುತ್ತ ಕೂತೆ. ಭೀಮಣ್ಣ ಮುಂದೆ ಮುಂದೆ ಹೋಗುತ್ತಿದ್ದರು.

"ಸಾವಕಾಶ ನಡೀರಿ," ಎಂದು ತಂಗೆವ್ವ ಹಿಂದಿನಿಂದ ಕೂಗಿದಳು.

"ಬಸ್ ಬಿಡತೈತಿ, ನೀ ಲಗೂ ಬಾ," ಎಂದರು ಅವರು, ತಿರುಗಿ ನೋಡದೆ. ಅವಳು ಒಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು, ಬೈಯುತ್ತ, ನಗುತ್ತ, ಅವರ ಹಿಂದೆ ಹೋದಳು.