ಬಿಳಿ ಎಂದ ಹೊಗೆ

ಕೊಳ್ಳೇಗಾಲದಲ್ಲಿ ಹೊಗಳಿಕೆಗೆ ಬದುಕುವವರು ಬೇಕಾದಷ್ಟು ಜನ ಇದ್ದರು. ಹೊಗೆಯಿಂದ ಬದುಕಿದವನು ಪುಟ್ಟಮಾದಪ್ಪ ಒಬ್ಬನೇ. ಹಳೆಯ ಲಾರಿ ರಿಪೇರಿಗೆಂದು ಶೆಡ್ಡಿಗೆ ಬಂದರೆ ಅವನು ಬಾನೆಟ್ ಎತ್ತುತ್ತಿರಲಿಲ್ಲ. ಹಿಂದೆ ಹೋಗಿ ಸೈಲೆನ್ಸರ್ ಕೊಳವೆಯ ಎದುರು ಕುಕ್ಕರುಗಾಲಲ್ಲಿ ಕೂತು, "ಎಕ್ಸಲೇಟರ್ ಒತ್ಲಾ" ಎನ್ನುತ್ತಿದ್ದ. ಕಪ್ಪು ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಬಿಳಿ ಬಂದರೆ ಒಳಗೆ ನೀರು ಇಳಿಯುತ್ತಿದೆ, ಗ್ಯಾಸ್ಕೆಟ್ ಬದಲಿಸಿದರೆ ಆಯಿತು. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿದೆ, ಗ್ರಹಚಾರ ಕೆಟ್ಟಿದೆ.

ಅರವತ್ತೈದರ ಹೊತ್ತಿಗೆ ಅವನ ಕಣ್ಣಿಗೆ ಪೊರೆ ಬಂತು. ಎಲ್ಲ ಲಾರಿಗಳೂ ಒಂದೇ ಬೂದಿ ಬಣ್ಣ ಉಗುಳತೊಡಗಿದವು. ಆಗ ಪಕ್ಕದಲ್ಲೇ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಹೆಂಡತಿ ಚಿಕ್ಕನಿಂಗಮ್ಮ ಅವನ ಕಣ್ಣಾದಳು. "ನವಿಲ್ ಕತ್ತಿನ ನೀಲಿ ಕಣ್ರಿ, ಒಸಿ ಬೂದಿ ಸೇರ್ಕಂಡದೆ" ಎಂದು ಹೊಗೆಗೂ ಸೀರೆಗೆ ಹೇಳಿದಂತೆ ಹೇಳುತ್ತಿದ್ದಳು.

ಒಂದು ದಿನ ಶಿವರುದ್ರಸ್ವಾಮಿಯವರ ಬಿದಿರು ಲಾರಿ ಬಂತು. ಡ್ರೈವರ್ ಬಂಡಳ್ಳಿಯ ಮಾದಸ್ವಾಮಿ. ಮದುವೆಗೆ ಮುಂಚಿನಿಂದಲೂ ಅವನಿಗೆ ಅದೇ ಲಾರಿ.

"ನೀಲಿ ಅಂದ್ರೆ ಗುಜರಿಗೆ ಆಕ್ಬುಡ್ತೀನಿ ಕಣ್ಲಾ ಪುಟ್ಟಮಾದ," ಎಂದರು ಶಿವರುದ್ರಸ್ವಾಮಿ. "ಇನ್ನೊಂದು ಲಾರಿ ತಕಳಲ್ಲ. ಇವನೂ ಮನೆಗೆ ಓಗ್ಲಿ."

"ನನ್ನೂ ಗುಜ್ರಿಗೇ ಆಕ್ಬುಡಿ ಸಾ. ತೂಕ ಕಮ್ಮಿ ಅಂತ ಗುಜ್ರಿಯವ್ನೂ ತಕಳಲ್ಲ," ಎಂದು ಮಾದಸ್ವಾಮಿ ನಕ್ಕ. ನಗು ಮುಗಿದ ಮೇಲೂ ಅವನ ಕೈ ಟವೆಲ್ ಹಿಂಡುತ್ತಲೇ ಇತ್ತು.

ಹೊಗೆ ಬಂತು.

"ಏನಮ್ಮೀ ಬಣ್ಣ?"

ಚಿಕ್ಕನಿಂಗಮ್ಮ ಹೊಗೆ ನೋಡಿದಳು. ಟವೆಲ್ ನೋಡಿದಳು. "ಬಿಳೀದು ಕಣ್ರಿ."

ಎಂಥ ಬಿಳಿ ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಗ್ಯಾಸ್ಕೆಟ್ ಬದಲಿಸಿ ಕಳಿಸಿದ.

ವಾರ ತುಂಬುವ ಮುಂಚೆ, ಬಿದಿರು ಹೇರಿಕೊಂಡು ಬರುವಾಗ ಹನೂರಿನಾಚೆಯ ಏರಿನಲ್ಲಿ ಆಯಿಲ್ ಪೂರ್ತಿ ಉರಿದು ಎಂಜಿನ್ ಹಿಡಿದುಕೊಂಡು ನಿಂತಿತು. ಚಕ್ರಕ್ಕೆ ಕಲ್ಲು ಕೊಡಲು ಇಳಿದ ಮಾದಸ್ವಾಮಿಯ ಮೇಲೆ ಲಾರಿ ಹಿಂದಕ್ಕೆ ಉರುಳಿತು. ಜೀವ ಉಳಿಯಿತು, ಬಲಗಾಲು ಮೊಣಕಾಲಿಗೇ ಮುಗಿಯಿತು.

ಸುದ್ದಿ ಕೇಳಿದ ಚಿಕ್ಕನಿಂಗಮ್ಮ ನೂಲು ಬಿಟ್ಟು ಗಂಡನ ಹತ್ತಿರ ಬಂದಳು. "ನೀಲಿ ಕಣ್ರಿ ಅದು. ಅವ್ನ ಮೊಕ ನೋಡಿ ಬಿಳಿ ಅಂದ್ಬುಟ್ಟೆ."

"ಸುಮ್ಕಿರಮ್ಮೀ. ಸುಟ್ಟ ಆಯಿಲ್ ವಾಸ್ನೆ ಅವತ್ತೇ ನಂಗೂ ಒಡೀತು. ಕಣ್ಣು ಓಗಿತ್ತು, ಮೂಗು ಓಗಿತ್ತಾ?"

ಇಬ್ಬರೂ ಬಂಡಳ್ಳಿಗೆ ಹೋಗಿ ಅದನ್ನೇ ಹೇಳಿಕೊಂಡರು. ಜಗುಲಿಯಲ್ಲಿ ಕೂತಿದ್ದ ಮಾದಸ್ವಾಮಿ, ಖಾಲಿ ಪಂಚೆಯ ಅಂಚನ್ನು ಮಡಿಸುತ್ತಾ ಹೇಳಿದ: "ಲಾರಿ ಕನ್ನಡೀಲಿ ನಾನೂ ದಿನಾ ನೋಡ್ತಿದ್ದೆ ಕಣಣ್ಣ, ನೀಲಿನೇ. ಸಾವ್ಕಾರ್ರಿಗೆ ಕಾಣ್ದಂಗೆ ಆಯಿಲ್ ಸುರೀತಿದ್ದೆ. ಅಕ್ಕ ಬಿಳಿ ಅಂದ್ಲಲ್ಲ, ಓದ ಉಸ್ರು ಬಂದಂಗಾಯ್ತು."

ಆಮೇಲೆ ಯಾರಾದರೂ ಹಳೆಯ ಲಾರಿ ತಂದು ಶೆಡ್ಡಿನ ಮುಂದೆ ಹಾರನ್ ಹೊಡೆದರೆ, ಚಿಕ್ಕನಿಂಗಮ್ಮ ಬಣ್ಣದ ಕೈಯಲ್ಲೇ ಹೊರಗೆ ಬರುತ್ತಿದ್ದಳು.

"ಒಗೆ ನೋಡೋರು ಇಲ್ಲಿ ಯಾರೂ ಇಲ್ಲ ಕಣಪ್ಪ. ಮುಂದಕ್ಕೋಗು."