ಹಿಂದಿನ ಸೀಟಿನ ಕಿವಿ

ಬೆಳಗಿನ ಐದೂ ಕಾಲು. ಪೋರೂರು ಕೆರೆಯ ಬದಿಯ ರಸ್ತೆಯಲ್ಲಿ ಹಾಲಿನ ವ್ಯಾನೊಂದು ಬಿಟ್ಟರೆ ಬೇರೆ ಗಾಡಿಯಿಲ್ಲ. ಬಿಳಿ ಕಾರೊಂದು ನಲವತ್ತರ ವೇಗದಲ್ಲಿ ಹೋಗುತ್ತದೆ, ತಿರುಗುತ್ತದೆ, ಮತ್ತೆ ಅದೇ ದಾರಿಯಲ್ಲಿ ವಾಪಸಾಗುತ್ತದೆ. ಓಡಿಸುತ್ತಿರುವವರು ಅರವತ್ತೊಂದರ ಮುರಿಗೆಪ್ಪ, ಚಕ್ರದ ಕೆಲಸದ ಮೆಕ್ಯಾನಿಕ್. ಪಕ್ಕದಲ್ಲಿ ಕಾರಿನ ಯಜಮಾನ, ಎಗ್ಮೋರ್‌ನಲ್ಲಿ ಆಫೀಸಿರುವ ನಿಶಾಂತ್. ಹಿಂದಿನ ಸೀಟಿನಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು, ಕಣ್ಣು ಮುಚ್ಚಿ, ಒಂದು ಅಂಗೈಯನ್ನು ಸೀಟಿನ ಮೇಲೆ ಊರಿ ಕೂತಿರುವವರು ಮುರಿಗೆಪ್ಪನ ಹೆಂಡತಿ ಭವಾನಿ.

ಎ.ಸಿ. ಆರಿಸಿದ್ದಾಯಿತು. ಕಿಟಕಿಗಳನ್ನು ಇಳಿಸಿದ್ದಾಯಿತು. ನಿಶಾಂತ್ ಏನೋ ಹೇಳಲು ಬಾಯಿ ತೆರೆಯುತ್ತಾರೆ. ಭವಾನಿ ಕಣ್ಣು ತೆರೆಯದೆಯೇ ಬೆರಳೆತ್ತಿ ಸುಮ್ಮನಿರಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಮುಂದಕ್ಕೆ ಬಾಗಿ ಗಂಡನ ಎಡ ಹೆಗಲನ್ನು ಒಂದು ಸಲ ತಟ್ಟುತ್ತಾರೆ. ಎಡ ಹೆಗಲಾದರೆ ಎಡಗಡೆ; ಒಂದು ಸಲ ತಟ್ಟಿದರೆ ಮುಂದಿನ ಚಕ್ರ, ಎರಡು ಸಲ ತಟ್ಟಿದರೆ ಹಿಂದಿನದು. ಮುರಿಗೆಪ್ಪ ತಲೆಯಾಡಿಸಿ ಕಾರನ್ನು ಮೆಲ್ಲಗೆ ಬಲಕ್ಕೆ ಎಳೆಯುತ್ತಾರೆ. ಗುಂಯ್ಗುಟ್ಟುವ ಸದ್ದು ಜೋರಾಗುತ್ತದೆ. ಎಡಕ್ಕೆ ಎಳೆದಾಗ ಅಡಗುತ್ತದೆ.

“ಎಡಕ ಮುಂದಿನ ಬೇರಿಂಗ್ ಹೋಗೈತ್ರಿ. ಟೈರ್ ಏನೂ ಆಗಿಲ್ಲ, ಚಲೋ ಅದಾವು,” ಎನ್ನುತ್ತಾರೆ ಭವಾನಿ.

ನಿಶಾಂತ್ ಹಣೆ ಚಚ್ಚಿಕೊಳ್ಳುತ್ತಾರೆ. ಯಾರದೋ ಮಾತು ಕೇಳಿ ಹೋದ ವಾರವಷ್ಟೇ ಅವರು ಎರಡು ಹೊಸ ಟೈರು ಹಾಕಿಸಿದ್ದರು.

ಕಾರಿನ ಚಕ್ರ ಸದ್ದು ಮಾಡತೊಡಗಿದರೆ ಅದು ಯಾವ ಚಕ್ರ, ಯಾವ ಕಾಯಿಲೆ ಎಂದು ಹೇಳುವುದು ಈ ದಂಪತಿಯ ಕೆಲಸ. ಬಿಚ್ಚಿ ಜೋಡಿಸುವವರು ಮುರಿಗೆಪ್ಪ, ಕೇಳುವವರು ಭವಾನಿ. ಕೇಳುವ ಕೆಲಸಕ್ಕೆ ಬೆಳಗಿನ ಐದರಿಂದ ಏಳರವರೆಗೆ ಮಾತ್ರ ಸಮಯ. ಅಷ್ಟರೊಳಗೆ ಐದಾರು ಕಾರು, ಒಂದೊಂದಕ್ಕೆ ನಾಲ್ಕೋ ಐದೋ ಕಿಲೋಮೀಟರ್. ಏಳು ದಾಟಿತೆಂದರೆ ಚೆನ್ನೈ ಎದ್ದು ಕೂರುತ್ತದೆ. ಆಮೇಲೆ ಹಾರನ್ನಿನ ನಡುವೆ ಯಾವ ಸದ್ದು ಯಾರದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಭವಾನಿಗೆ ಐವತ್ತನಾಲ್ಕು. ಕಾರು ಓಡಿಸಲು ಬಾರದು, ಲೈಸೆನ್ಸಂತೂ ಇಲ್ಲ. ಆದರೆ ಕಾರಿನ ಸದ್ದಿನ ಬಗ್ಗೆ ಅವರು ಮಾತಾಡುವುದು ಅಕ್ಕಪಕ್ಕದ ಮನೆಯವರ ಬಗ್ಗೆ ಮಾತಾಡಿದಂತಿರುತ್ತದೆ. “ಬೇರಿಂಗ್ ಹೋದ್ರ ಅದು ಒಂದ ಸಮನ ಅಳತೈತ್ರಿ, ಸ್ಪೀಡ್ ಏರಿದಂಗ ದನೀನೂ ಏರತೈತಿ. ಟೈರ್ ಹೆಚ್ಚುಕಮ್ಮಿ ಸವದಿದ್ರ, ರಸ್ತೆ ಬದಲಾದಂಗ ದನಿ ಬದಲಾಕ್ಕೈತಿ. ಡಾಂಬರಿನ ಮ್ಯಾಲ ಒಂದು, ಕಾಂಕ್ರೀಟ್ ಮ್ಯಾಲ ಇನ್ನೊಂದು. ಟಿಕ್ ಟಿಕ್ ಅಂದ್ರ ಎಷ್ಟೋ ಸಲ ಬರೇ ಒಂದು ಕಲ್ಲು, ಟೈರಿನ ಗೆರಿಯೊಳಗ ಸಿಕ್ಕೊಂಡಿರತೈತಿ. ಅದನ್ನ ಕಿತ್ತು ಕೈಯಾಗ ಕೊಟ್ಟು ಕಳಸೂದು. ಅದಕ್ಕೂ ಬಿಚ್ಚಿ ನೋಡೂಣು ಅಂದ್ರ ದೇವರು ಮೆಚ್ಚತಾನೇನ್ರಿ?”

ಭವಾನಿ ನರಗುಂದದ ಕಡೆಯವರು. ತಂದೆಯದು ಹಿಟ್ಟಿನ ಗಿರಣಿ. ಗಿರಣಿಯ ಹಿಂದಿನ ಕೋಣೆಯೇ ಮನೆ. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗುವ ಮೊದಲೇ ಸದ್ದು ಕೇಳಿ ಒಳಗಿನಿಂದ ಕೂಗಿ ಹೇಳುವುದು ಹತ್ತು ವರ್ಷದ ಹುಡುಗಿಯ ಪಾಲಿನ ಕೆಲಸವಾಗಿತ್ತು. ಮದುವೆಯಾಗಿ ಮದ್ರಾಸಿಗೆ ಬಂದಾಗ ಮುರಿಗೆಪ್ಪ ಕೋಯಂಬೇಡಿನ ಹತ್ತಿರ ಒಂದು ಲಾರಿ ಶೆಡ್ಡಿನಲ್ಲಿದ್ದರು. ಇಡೀ ದಿನ ಸುತ್ತಿಗೆಯ ಹೊಡೆತ, ಗಾಳಿಯಂತ್ರದ ಚೀತ್ಕಾರ. ಕಿವಿಗೆ ಹತ್ತಿಯಾದರೂ ತುರುಕಿಕೊಳ್ಳಿ ಎಂದು ಹೇಳಿದವರಿರಲಿಲ್ಲ. ಇಪ್ಪತ್ತು ವರ್ಷ ಕಳೆದು ಪೋರೂರಿನಲ್ಲಿ ಸ್ವಂತ ಶೆಡ್ಡು ಹಾಕುವ ಹೊತ್ತಿಗೆ ಮುರಿಗೆಪ್ಪನ ಕಿವಿ ಅರ್ಧ ಹೋಗಿತ್ತು.

ಅವರು ಅದನ್ನು ಯಾರಿಗೂ ಹೇಳಲಿಲ್ಲ. ರಿಪೇರಿಯಾದ ಗಾಡಿಗಳು ಅದೇ ಸದ್ದಿನೊಡನೆ ಹಿಂದಿರುಗತೊಡಗಿದವು. ಚೆನ್ನಾಗಿದ್ದ ಬೇರಿಂಗ್ ತೆಗೆದು ಹೊಸದನ್ನು ಹಾಕಿದ್ದರು. ಕೆಟ್ಟದ್ದು ಹಾಗೇ ಉಳಿದಿತ್ತು. ಗಿರಾಕಿಗಳು ಕಡಿಮೆಯಾದರು, ಮನೆಯಲ್ಲಿ ಸಿಡುಕು ಹೆಚ್ಚಾಯಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಭವಾನಿ, ಟ್ರಯಲ್‌ಗೆ ಹೊರಟ ಕಾರಿನ ಹಿಂದೆ ಸುಮ್ಮನೆ ಹತ್ತಿ ಕೂತರು. “ಬಲಕ್ಕ ಮುಂದ,” ಎಂದರು ಮುರಿಗೆಪ್ಪ. ಭವಾನಿಗೆ ತಡೆಯಲಾಗಲಿಲ್ಲ. “ಅಲ್ರಿ, ಎಡಕ ಹಿಂದ ಗೊರಗೊರ ಅನ್ನಾಕತ್ತೈತಲ್ರಿ,” ಎಂದುಬಿಟ್ಟರು.

ಅವತ್ತು ಊಟದ ಡಬ್ಬಿ ತೆರೆಯಲಿಲ್ಲ. “ಸಿಟ್ಟು ಬಂದಿತ್ರಿ ನನಗ. ಆದ್ರ ಎಡಗಡಿ ಚಕ್ರ ಬಿಚ್ಚಿ ಕೈಯಿಂದ ತಿರುವಿದೆ. ಒಳಗ ಮರಳು ಹಾಕಿದಂಗ ಇತ್ತು,” ಎಂದು ಮುರಿಗೆಪ್ಪ ಈಗ ನಗುತ್ತಾ ಹೇಳುತ್ತಾರೆ. ಮರುದಿನ ಅವರೇ ಹೆಂಡತಿಯನ್ನು ಐದು ಗಂಟೆಗೆ ಎಬ್ಬಿಸಿದರು. ಕೆಟ್ಟ ಬೇರಿಂಗ್, ಸವೆದ ಟೈರು, ಸಡಿಲ ನಟ್ಟು ಎಲ್ಲವನ್ನೂ ಬೇಕೆಂದೇ ಒಂದೊಂದಾಗಿ ತಮ್ಮ ಹಳೆಯ ಕಾರಿಗೆ ಹಾಕಿ, ನಡೆಯುವ ವೇಗದಲ್ಲಿ ಓಡಿಸಿ ಕೇಳಿಸಿದರು. ಮೂರು ತಿಂಗಳು ನಡೆದ ಪಾಠ ಅದು. “ತನಗ ಕೇಳಂಗಿಲ್ಲ ಅಂತ ಹೆಂಡತಿ ಮುಂದ ಒಪ್ಪಿಕೊಳ್ಳಾಕ ಗಂಡಸಿಗೆ ಭಾಳ ದೊಡ್ಡ ಮನಸ್ ಬೇಕ್ರಿ. ಅದಿತ್ತು ಅಂತ ನಾ ಇವತ್ತು ಈ ಸೀಟಿನ್ಯಾಗ ಕುಂತೀನಿ,” ಎನ್ನುವ ಭವಾನಿಯ ದನಿ ಸ್ವಲ್ಪ ಇಳಿಯುತ್ತದೆ.

ಊರು ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಗಾಡಿ ಓಡಿಸಲು ಬಾರದ ಹೆಂಗಸು ಗಾಡಿಯ ರೋಗ ಹೇಳುತ್ತಾಳಂತೆ ಎಂದು ಬೀದಿಯ ಬೇರೆ ಮೆಕ್ಯಾನಿಕ್‌ಗಳು ನಕ್ಕರು. ಕೆಲವು ಗಿರಾಕಿಗಳು ಆಕೆ ಹತ್ತುವುದಾದರೆ ಬೇಡವೆಂದು ಹೊರಟುಹೋದರು. ಭವಾನಿಗೆ ಅದಕ್ಕಿಂತ ನೆಗಡಿಯ ಭಯವೇ ಹೆಚ್ಚು. ಕಿವಿ ಕಟ್ಟಿದ ದಿನ ಕೆಲಸವಿಲ್ಲ. ಕಿವಿ ದಣಿಯಬಾರದೆಂದು ಮನೆಯಲ್ಲಿ ಟಿ.ವಿ. ಯಾವಾಗಲೂ ಪಿಸುಗುಡುತ್ತದೆ. ದೀಪಾವಳಿಯ ಎರಡು ದಿನ ಅವರ ಕಿವಿಗೆ ಹತ್ತಿ, ಮೇಲೆ ಶಾಲು. “ಅಮ್ಮಾವುಕ್ಕು ರೆಂಡು ಕಾದುಂ ತಂಗಂ,” ಅಮ್ಮನ ಎರಡು ಕಿವಿಯೂ ಚಿನ್ನ, ಎಂದು ತಮಿಳಿನಲ್ಲೇ ತಮಾಷೆ ಮಾಡುತ್ತಾಳೆ ಮಗಳು ಜ್ಯೋತಿ. ಅವಳಿಗೆ ಅಮ್ಮನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ಬೀದಿಯವರು ನಗುವುದನ್ನು ನಿಲ್ಲಿಸಿದ್ದು ಹೋದ ವರ್ಷದ ಒಂದು ಮಂಗಳವಾರ.

ಶ್ರೀಕಾಂತ್ ಬಾಡಿಗೆ ಕಾರಿನ ಚಾಲಕ. ತಾತ ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಬಂದವರು; ಮೊಮ್ಮಗನ ಕನ್ನಡದಲ್ಲಿ ಅರ್ಧ ತಮಿಳು. ವಾರಕ್ಕೆ ಮೂರು ದಿನ ಅವರು ಕೋಯಂಬೇಡಿನ ಆಸುಪಾಸಿನ ಮೂವರು ವೃದ್ಧರನ್ನು ಡಯಾಲಿಸಿಸ್‌ಗೆಂದು ಪೋರೂರಿನ ಆಸ್ಪತ್ರೆಗೆ ಕರೆತರುತ್ತಾರೆ. ಹದಿನೈದು ದಿನದಿಂದ ಕಾರಿನಲ್ಲಿ ದಬ್ ದಬ್ ಎಂಬ ಸದ್ದು. ಎರಡು ಕಡೆ ತೋರಿಸಿದ್ದರು. ಒಬ್ಬರು ಚಕ್ರಗಳ ತೂಕ ಸರಿ ಮಾಡಿದರು, ಇನ್ನೊಬ್ಬರು ರಸ್ತೆಯೇ ಹಾಗಿದೆ, ಓಡಿಸಿ ಎಂದರು. ಅವತ್ತು ಐದೂವರೆಗೆ ಶೆಡ್ಡಿಗೆ ಬಂದದ್ದೂ ಮೂರನೆಯವರು ಏನೂ ಇಲ್ಲವೆಂದರೆ ನಿಶ್ಚಿಂತೆ ಎಂಬ ಆಸೆಯಿಂದ.

ಇಪ್ಪತ್ತರ ವೇಗದಲ್ಲಿ ಕಾರು ಕೆರೆಯ ರಸ್ತೆಗಿಳಿಯಿತು. ಭವಾನಿ ಗಂಡನ ಎಡ ಹೆಗಲನ್ನು ಎರಡು ಸಲ ತಟ್ಟಿದರು. “ಸ್ಟೇರಿಂಗ್ ಅಲುಗವಲ್ದು, ಸೀಟು ಅಲುಗಾಕತ್ತೈತಿ. ಹಿಂದಿನ ಟೈರು. ಒಳಗ ಏನೋ ಬಿಟ್ಟೈತಿ,” ಎಂದರು.

ಶೆಡ್ಡಿಗೆ ಮರಳಿದ ಮೇಲೆ ಮುರಿಗೆಪ್ಪ ಇಳಿದು ಬಗ್ಗಿ ನೋಡಿದರು. ಟೈರು ಹೊರಗಿನಿಂದ ಗುಂಡಗಿತ್ತು. ಗೆರೆಗಳು ಸವೆದಿರಲಿಲ್ಲ, ಗಾಳಿ ಸರಿಯಿತ್ತು.

“ಟೈಮಾಯ್ತು ಅಕ್ಕಾ,” ಶ್ರೀಕಾಂತ್ ಗಡಿಯಾರ ನೋಡಿಕೊಂಡರು. “ಏಳಕ್ಕೆ ಅವ್ರು ಆಸ್ಪತ್ರೆಯಲ್ಲಿರ್ಬೇಕು. ಲೇಟಾದ್ರೆ ಮೆಷೀನು ಬೇರೆಯವ್ರಿಗೆ ಕೊಟ್ಬಿಡ್ತಾರೆ. ಸಾಯಂಕಾಲ ಬರ್ತೀನಿ, ಆಗ ಬಿಚ್ಚಿ ಪಾಕಲಾಂ, ನೋಡೋಣ.”

“ಹೋಗಿ ಬರ್ಲಿ ಬಿಡು ಭವಾನಿ,” ಎಂದರು ಮುರಿಗೆಪ್ಪ ಕೂಡ.

ಭವಾನಿ ಕಾರಿನಿಂದ ಇಳಿಯಲಿಲ್ಲ.

“ಅಕ್ಕಾ, ದಯವಿಟ್ಟು ಇಳೀರಿ.”

“ಇಲ್ಲ ತಮ್ಮಾ. ಆ ಮಂದಿ ಕುಂಡ್ರೂ ಜಾಗದಾಗ ನಾ ಕುಂತೀನಿ. ನನಗ ಹೆದರಿಕಿ ಆಗಾಕತ್ತೈತಿ. ಜಾಕ್ ಹಚ್ಚತೀನಿ ಅನ್ರಿ, ಇಳೀತೀನಿ.”

ಶ್ರೀಕಾಂತ್ ಕೂಗಾಡಿದರು. ಎದುರಿನ ಟೀ ಅಂಗಡಿಯಲ್ಲಿದ್ದವರು ಲೋಟ ಹಿಡಿದು ಬಂದು ನಿಂತರು. ಒಬ್ಬರಂತೂ ಮುರಿಗೆಪ್ಪನ ಮುಖಕ್ಕೇ, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಯ್ಯಾ ಎಂದರು. ಮುರಿಗೆಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ ಜಾಕ್ ತಂದರು.

ಚಕ್ರ ಕಳಚಿ ತಿರುಗಿಸಿದಾಗ ಕಂಡಿತು. ಕಾರಿನ ಅಡಿಗೆ ಮುಖಮಾಡಿದ ಒಳಮೈಯಲ್ಲಿ, ಹೊರಗಿನಿಂದ ಎಷ್ಟು ಬಗ್ಗಿದರೂ ಕಾಣದ ಕಡೆ, ನಿಂಬೆಹಣ್ಣಿನ ಗಾತ್ರದ ಒಂದು ಉಬ್ಬು. ಅದರ ಪಕ್ಕ ರಬ್ಬರು ಸೀಳಿ, ಒಳಗಿನ ಉಕ್ಕಿನ ತಂತಿ ಎರಡು ಕಡೆ ಹೊರಗೆ ಚಾಚಿತ್ತು. ಬಿಸಿಲೇರಿ, ವೇಗ ಹೆಚ್ಚಿ, ಮೂವರು ವೃದ್ಧರ ಭಾರವೂ ಸೇರಿದ್ದರೆ ಅದು ಎಲ್ಲಿ ಸಿಡಿಯುತ್ತಿತ್ತೋ ಹೇಳಲು ಬರುವುದಿಲ್ಲ. ನಿಂತಿದ್ದವರು ಒಬ್ಬೊಬ್ಬರಾಗಿ ಬಗ್ಗಿ ತಂತಿಯನ್ನು ಮುಟ್ಟಿ ನೋಡಿದರು. ಶ್ರೀಕಾಂತ್ ರಸ್ತೆಯ ಅಂಚಿನಲ್ಲಿ ಕೂತರು. ಅವರ ಕೈಗೆ ಯಾರೋ ಟೀ ಕೊಟ್ಟರು. ಮುರಿಗೆಪ್ಪ ಎಂಟು ನಿಮಿಷದಲ್ಲಿ ಸ್ಟೆಪ್ನಿ ಹಾಕಿ ಕಳಿಸಿದರು. ಮೂವರೂ ಆಸ್ಪತ್ರೆ ತಲುಪಿದಾಗ ಏಳಕ್ಕೆ ಐದು ನಿಮಿಷವಿತ್ತು.

“ಅವತ್ತು ನಾನು ಅಕ್ಕಂಗೆ ಬಾಯಿಗೆ ಬಂದಂಗೆ ಬೈದೆ. ಒಂದು ಮಾತೂ ವಾಪಸ್ ಬೈಲಿಲ್ಲ,” ಎನ್ನುತ್ತಾರೆ ಶ್ರೀಕಾಂತ್. “ಈಗ ಸತ್ತಂ, ಅಂದ್ರೆ ಸದ್ದು, ಇರಲಿ, ಇಲ್ಲದಿರಲಿ, ತಿಂಗಳಿಗೊಂದ್ಸಲ ಗಾಡಿ ತಂದು ಕೇಳಿಸ್ತೀನಿ. ಅವ್ರು ಹೋಗು ಅಂದ್ರೆ ಹೋಗ್ತೀನಿ.”

ಆ ಮೂವರಲ್ಲಿ ಒಬ್ಬರು ಲೀಲಮ್ಮ, ಎಪ್ಪತ್ತೆರಡು ವರ್ಷ, ವಿಮಾ ಕಚೇರಿಯಿಂದ ನಿವೃತ್ತರಾದವರು. ಎರಡು ದಿನದ ಮೇಲೆ ಡಯಾಲಿಸಿಸ್ ಮುಗಿಸಿ ಬರುವಾಗ ಶೆಡ್ಡಿನ ಮುಂದೆ ಕಾರು ನಿಲ್ಲಿಸಲು ಹೇಳಿದರು. ಸುಸ್ತಾಗಿದ್ದರೂ ಶ್ರೀಕಾಂತ್‌ನ ತೋಳು ಹಿಡಿದು ಇಳಿದರು. ಕರ್ಚೀಫಿನಲ್ಲಿ ಸುತ್ತಿದ್ದ ಒಂದು ಮಾರು ಕೋಯಂಬೇಡಿನ ಮಲ್ಲಿಗೆಯನ್ನು, ಪಟ್ಟಿ ಕಟ್ಟಿದ್ದ ಕೈಯಿಂದಲೇ ಭವಾನಿಯ ಮುಡಿಗೆ ಮುಡಿಸಿದರು. “ನಿನ್ನ ಕಿವಿ ತಣ್ಣಗಿರಲಿ ತಾಯಿ,” ಎಂದರು. ಗ್ರೀಸು ಮೆತ್ತಿದ್ದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಭವಾನಿ ಅಳುತ್ತಾ ನಿಂತುಬಿಟ್ಟರು.

“ನಾ ಏನ್ ದೊಡ್ಡದು ಮಾಡಿದೆ? ಕೇಳಿದ್ದನ್ನ ಕೇಳೈತಿ ಅಂದೆ, ಅಷ್ಟ,” ಎಂದು ಈಗಲೂ ಸಂಕೋಚಪಡುತ್ತಾರೆ. “ಬಿಚ್ಚಿ ನೋಡಿದವರು ಇವ್ರು. ಬೈದ್ರೂ ಗಾಡಿ ಬಿಟ್ಟುಕೊಟ್ಟಾಂವ ಶ್ರೀಕಾಂತ್. ಅವತ್ತ ಯಾರರ ಒಬ್ಬರು ನನ್ನ ಮಾತು ಕೇಳದಿದ್ರ ನನ್ನ ಕಿವಿ ತಗೊಂಡು ಏನ್ ಮಾಡೂದಿತ್ರಿ?”

ಏಳು ಗಂಟೆಯಾಗಿದೆ. ನಿಶಾಂತ್ ಅವರ ಕಾರು ಜಾಕಿನ ಮೇಲೇರಿದೆ. ರಸ್ತೆಯಲ್ಲಿ ಬಸ್ಸು, ಆಟೊಗಳ ಗದ್ದಲ ಶುರುವಾಗಿದೆ. ಭವಾನಿಯ ಇವತ್ತಿನ ಕೇಳುವ ಕೆಲಸ ಮುಗಿಯಿತು. ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಾ, ಇನ್ನೇನು ಬೇಕಮ್ಮಾ ನಿಮಗೆ ಎಂಬ ಪ್ರಶ್ನೆಗೆ ಲೋಟ ಕೆಳಗಿಟ್ಟು ಉತ್ತರಿಸುತ್ತಾರೆ.

“ವರ್ಷಕ್ಕೊಮ್ಮೆ ತವರಿಗೆ ಹೋಗತೀನ್ರಿ, ಬಸ್ಸಿನ್ಯಾಗ. ಮಂದಿ ಎಲ್ಲಾ ಗೊರಕಿ ಹೊಡೀತಿರತಾರ. ನಾ ಒಬ್ಬಾಕಿ, ಹಿಂದಿನ ಬಲಗಡಿ ಬೇರಿಂಗ್ ಇನ್ನೆಷ್ಟು ದಿನ ತಾಳೀತು ಅಂತ ಲೆಕ್ಕಾ ಹಾಕ್ಕೋತ ಕುಂತಿರತೀನಿ. ಒಂದ ಸಲ, ಬರೇ ಒಂದ ಸಲ, ಚಲೋ ಗಾಡಿಯೊಳಗ ಕುಂತು, ಏನೂ ಕೇಳಸ್ಕೊಳ್ಳದ, ಊರು ಬರೂ ಮಟಾ ನಿದ್ದಿ ಮಾಡಬೇಕ್ರಿ.”