ಹೊಳೆಯೊಳಗಿನ ಬೇಲಿ

ಗೌರಿಬಿದನೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆ ಹೊಳೆಯ ದಂಡೆಯ ಮೇಲಿದೆ. ಹೀಗೆಂದು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಕೆಂಚಾರ್ಲಹಳ್ಳಿಯಿಂದ ನಮ್ಮ ಚಿಕ್ಕಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡೇ ಬಂದಿಳಿದರು. ಹಿತ್ತಿಲ ಬಾಗಿಲು ತೆರೆದು ತೋರಿಸಿದೆ. ಚಪ್ಪಡಿ ಕಲ್ಲಿನ ಹಳೆಯ ಮೆಟ್ಟಿಲುಗಳು ಬಲು ಗಂಭೀರವಾಗಿ ಕೆಳಗಿಳಿದು ಮರಳಿನಲ್ಲಿ ಮುಗಿಯುತ್ತಿದ್ದವು. ಮರಳಿನ ಮೇಲೆ ಒಂದಷ್ಟು ಮೇಕೆಗಳು, ಹುಡುಗರು ಕ್ರಿಕೆಟ್ಟಿಗೆಂದು ನೆಟ್ಟ ಮೂರು ಕೋಲು, ಅದರಾಚೆ ಜಾಲಿಯ ಕಾಡು.

"ಹೊಳೆ ಎಲ್ಲಪ್ಪ?" ಎಂದರು.

"ಇದೇ ಚಿಕ್ಕಪ್ಪ."

ಅವರು ಟವೆಲ್ಲನ್ನು ತೆಗೆದು ಮಡಿಚಿ ಚೀಲದೊಳಗಿಟ್ಟುಕೊಂಡರು. ಆಮೇಲೆ ಬಚ್ಚಲಲ್ಲಿ ಎರಡು ಚೊಂಬು ನೀರು ಹುಯ್ದುಕೊಂಡು, "ಹೊಳೆ ಸ್ನಾನ ಆಯ್ತು" ಎಂದು ಊಟಕ್ಕೆ ಕೂತರು.

ಉತ್ತರ ಪಿನಾಕಿನಿ ನಂದಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಈ ಊರಿನ ಪಕ್ಕ ಹಾದುಹೋಗುತ್ತದೆ ಎಂದು ಪಾಠದ ಪುಸ್ತಕಗಳಲ್ಲಿದೆ. ಪುಸ್ತಕಗಳಲ್ಲಿ ಅದು ಯಾವತ್ತೂ ಬತ್ತಿಲ್ಲ. ಊರಿನವರಿಗೂ ಹೊಳೆಯ ಮೇಲೆ ಅಭಿಮಾನಕ್ಕೇನೂ ಕಡಿಮೆಯಿಲ್ಲ. ಬಡಾವಣೆಗೆ, ಬಸ್ಸಿಗೆ, ಹೆಣ್ಣುಮಕ್ಕಳಿಗೆ ಅದರ ಹೆಸರಿಟ್ಟು, ನೀರನ್ನು ಟ್ಯಾಂಕರಿನಲ್ಲಿ ತರಿಸಿಕೊಳ್ಳುತ್ತಾರೆ.

ಕಾಲೇಜಿಗೆ ವರ್ಗವಾಗಿ ಬಂದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಮನೆ ಹುಡುಕುತ್ತ ಈ ಊರಿನ ಬೀದಿಗಳನ್ನು ಚೆನ್ನಾಗಿ ಕಂಡುಕೊಂಡೆವು. ಓನರುಗಳು ಬಹಳ ಮರ್ಯಾದಸ್ಥರು. ಯಾರೂ ನೇರವಾಗಿ ಜಾತಿ ಕೇಳಲಿಲ್ಲ. "ನಿಮ್ಮ ಮನೆದೇವರು ಯಾವ್ದು ಸಾರ್?" ಎಂದು ಒಬ್ಬರು. "ಊರಲ್ಲಿ ನಿಮ್ಮನೆ ಯಾವ ಕಡೆ ಬರತ್ತೆ, ಮೇಲ್ಗಡೆನಾ ಕೆಳಗಡೆನಾ?" ಎಂದು ಇನ್ನೊಬ್ಬರು, ಭೂಗೋಳದ ಮೇಲೆ ಆಸಕ್ತಿ ಇದ್ದವರ ಹಾಗೆ. ನಾವು ಬುದ್ಧನ ಪಟ ಇಟ್ಟುಕೊಂಡವರು ಎಂದೊಡನೆ ಅವರಿಗೆಲ್ಲ ಒಂದು ವಿಷಯ ಜ್ಞಾಪಕಕ್ಕೆ ಬರುತ್ತಿತ್ತು: ಮನೆಯನ್ನು ನಿನ್ನೆ ತಾನೇ ಯಾರಿಗೋ ಮಾತು ಕೊಟ್ಟಾಗಿದೆ. ಹೀಗೆ ಮಾತು ಕೊಟ್ಟ ಮನೆಗಳ ಮುಂದೆ 'ಬಾಡಿಗೆಗಿದೆ' ಎಂಬ ಬೋರ್ಡು ಯುಗಾದಿ ಕಳೆದರೂ ತೂಗುತ್ತಲೇ ಇತ್ತು.

ಹೊಳೆದಂಡೆಯ ಮನೆಯ ಒಡತಿ ಮಾತ್ರ ಬೇರೆ ಥರ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಸೊಸೆ ಮೇನ್ ರೋಡಿನಲ್ಲಿ ಹೊಸ ಮನೆ ಕಟ್ಟಿಸಿದ್ದರು. ಲಿಫ್ಟು ಇದೆಯೆಂದು ಕರೆದರೂ ಈಕೆ ಹೋಗಿರಲಿಲ್ಲ. "ಲಿಫ್ಟಲ್ಲಿ ನಿಂತ್ಕೊಂಡು ಯಾರ ಜೊತೆ ಮಾತಾಡ್ಲಿ" ಎನ್ನುತ್ತಿದ್ದರು. ಮುಂದಿನ ಭಾಗದಲ್ಲಿ ತಾವಿದ್ದು, ಹೊಳೆಯ ಕಡೆಯ ಭಾಗವನ್ನು ಬಾಡಿಗೆಗೆ ಕೊಡುತ್ತಿದ್ದರು. ನಾವು ಹೋದಾಗ ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದವರು ತಲೆಯೆತ್ತಿ ನನ್ನ ಹೆಂಡತಿಯನ್ನೇ ನೋಡಿದರು.

"ಏಮ್ಮಾ, ಬೆಳಿಗ್ಗೆ ಬೇಗ ಏಳ್ತೀಯಾ?"

"ಏಳ್ತೀನಮ್ಮ."

"ಹಿಂದಿನ ಬಾಗಿಲಿಗೂ ನೀರು ಹಾಕಿ ರಂಗೋಲಿ ಬಿಡ್ಬೇಕು. ಹೊಳೆ ಕಡೆ ಬಾಗಿಲು ಬರಿದಾಗಿರಬಾರದು. ನಮ್ಮತ್ತೆ ಕಾಲದಿಂದ ಹಂಗೇ."

ನಾನು ಅಭ್ಯಾಸಬಲದಿಂದ ನಮ್ಮ ವಿಷಯ ಹೇಳಲು ಬಾಯಿ ತೆರೆದೆ. ಆಕೆ ಕೈಯೆತ್ತಿ ತಡೆದರು. "ಮೇಷ್ಟ್ರೇ, ಯಾವ ಜನ ಅಂತ ನಾನ್ ಕೇಳಿಲ್ಲ, ನೀವು ಹೇಳ್ಬೇಡಿ. ಹೇಳಿದ್ರೆ ನಾನೂ ಹಿಂದೆ ಮುಂದೆ ನೋಡ್ತೀನೇನೋ. ಸುಮ್ನೆ ಯಾಕೆ."

ಇಷ್ಟು ಪ್ರಾಮಾಣಿಕವಾದ ಉದಾರತನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅದೇ ವಾರ ಸಾಮಾನು ಬಂತು. ಬುದ್ಧನ ಪಟವನ್ನು ನಡುಮನೆಯಲ್ಲಿ ಮೊಳೆ ಹೊಡೆದು ಹಾಕಿದೆವು. ಆಕೆ ಬಂದು ನೋಡಿ, "ಸೊಟ್ಟಗಿದೆ" ಎಂದಷ್ಟೇ ಹೇಳಿ ಹೋದರು.

ಬರಿದಾದ ಹೊಳೆಗೆ ದಿನಾ ಬೆಳಿಗ್ಗೆ ರಂಗೋಲಿ ಬಿಡುತ್ತ ಬಿಡುತ್ತ ನನ್ನ ಹೆಂಡತಿಗೆ ಮೆಟ್ಟಿಲ ಬುಡದ ಮಣ್ಣಿನ ಮೇಲೆ ಕಣ್ಣು ಬಿತ್ತು. ಅಲ್ಲಿ ಮರಳಲ್ಲ, ಹಳೆಯ ಮೆಕ್ಕಲು ಮಣ್ಣು. ಹಳ್ಳಿಯಲ್ಲಿ ಬೆಳೆದವಳ ಕೈ ಸುಮ್ಮನಿರುತ್ತದೆಯೇ. ಮನೆಯೊಡತಿಯನ್ನು ಕೇಳಿದಳು. "ಹಾಕ್ಕೊ ಕಣಮ್ಮ, ಹೊಳೆ ಏನು ನಮ್ಮಪ್ಪನ ಮನೆದಾ" ಎಂದರು ಆಕೆ. ಇವಳು ಅವರೆ ಹಾಕಿದಳು. ಮೊಳಕೆ ಎದ್ದದ್ದನ್ನು ನೋಡಿ ಆಕೆಗೂ ಆಸೆಯಾಗಿ ಪಕ್ಕದಲ್ಲೇ ತಾವೂ ಅವರೆ ಹಾಕಿದರು. ಅಲ್ಲಿಗೆ ಹೊಳೆ ಆಕೆಯ ಅಪ್ಪನ ಮನೆಯದಾಯಿತು.

ಅವರೆ ಬಳ್ಳಿಗೆ ಗಡಿ ಗೊತ್ತಿಲ್ಲ. ನಮ್ಮ ಬಳ್ಳಿ ಅವರ ಕಡೆ ಹಬ್ಬಿತು, ಅವರದು ನಮ್ಮ ಕಡೆ. ಕಾರ್ತಿಕ ಬರುವ ಹೊತ್ತಿಗೆ ಹೂವಾಗಿ, ಅಲ್ಲೊಂದು ಇಲ್ಲೊಂದು ಎಳೆಕಾಯಿ ಬಿಟ್ಟು, ಬೆಳಗಿನ ಇಬ್ಬನಿಯಲ್ಲಿ ಸೊಗಡಿನ ವಾಸನೆ ಹಿತ್ತಿಲ ಬಾಗಿಲಿನಿಂದ ಒಳಗೆ ಬರತೊಡಗಿತು. ಆ ವಾಸನೆ ಮೂಗಿಗೆ ಬಿದ್ದರೆ ನಮ್ಮ ಸೀಮೆಯವರು ಹಿತಕಿದ ಬೇಳೆ ಸಾರಿನ ಹೊರತು ಬೇರೇನನ್ನೂ ಯೋಚಿಸಲಾರರು. ಇಬ್ಬರೂ ಹೆಂಗಸರ ಮಾತು ಕಡಿಮೆಯಾಯಿತು. ಮೆಟ್ಟಿಲ ಮೇಲೆ ನಿಂತು ಕಣ್ಣಲ್ಲೇ ಕಾಯಿ ಎಣಿಸುವುದು ಜಾಸ್ತಿಯಾಯಿತು.

ಒಂದು ಬೆಳಿಗ್ಗೆ ನೋಡಿದರೆ ಎರಡು ಪಾತಿಗಳ ನಡುವೆ ಜಾಲಿ ಮುಳ್ಳಿನ ಬೇಲಿ. ಯಾವ ರಾಜರೂ ಯಾವ ಸರ್ಕಾರವೂ ಮಾಡದ ಕೆಲಸವನ್ನು ನಮ್ಮ ಮನೆಯೊಡತಿ ಮಾಡಿದ್ದರು. ಹೊಳೆಯನ್ನು ಭಾಗ ಮಾಡಿದ್ದರು.

"ಅಮ್ಮ, ನಮ್ಮ ಬಳ್ಳಿ ನಿಮ್ಮ ಕಡೆ ಸಿಕ್ಕಾಕ್ಕೊಂಡೈತಲ್ಲ" ಎಂದಳು ನನ್ನ ಹೆಂಡತಿ.

"ನಮ್ಮ ಕಡೆ ಇರೋ ಕಾಯಿ ನಮ್ಮದು ಕಣಮ್ಮ. ಇದ್ರಲ್ಲಿ ಕೇಳೋದೇನೈತೆ."

"ಹಂಗಾದ್ರೆ ನಮ್ಮ ಅಂಗಳದಲ್ಲಿ ಬೀಳೋ ನಿಮ್ಮ ಹುಣಸೆ ಮರದ ಎಲೆ ನಮ್ದಾ? ದಿನಾ ನಾನ್ ಗುಡಿಸ್ತಾ ಇದೀನಿ. ನಿಮ್ಮ ಮರ, ನೀವೇ ಬಂದು ಗುಡಿಸಿ."

ಮಾತು ಮುಗಿಯುವ ಮೊದಲೇ ಅದು ಅಗತ್ಯಕ್ಕಿಂತ ಚೆನ್ನಾಗಿ ಬಂತೆಂದು ನನಗೆ ಗೊತ್ತಾಯಿತು. ಆಕೆ ಒಳಗೆ ಹೋದರು. ಸಾಯಂಕಾಲ ನಾನು ಕಾಲೇಜಿನಿಂದ ಬಂದಾಗ ಜಗಲಿಯ ಮೇಲೆ ಕಾಯುತ್ತಿದ್ದರು.

"ಮೇಷ್ಟ್ರೇ, ಅವರೆಕಾಯಿ ಮುಗೀಲಿ. ಆಮೇಲೆ ಬೇರೆ ಮನೆ ನೋಡ್ಕೊಳ್ಳಿ."

ನನ್ನ ಹೆಂಡತಿಗೆ ಹೇಳಿದೆ. ಅವಳು ರಾಗಿ ಹಿಟ್ಟು ತಿರುವುತ್ತಿದ್ದವಳು ಕೋಲು ನಿಲ್ಲಿಸಲಿಲ್ಲ. "ಮತ್ತೆ ಆ ಪ್ರಶ್ನೆಗಳೆಲ್ಲ ಕೇಳಿಸ್ಕೋಬೇಕಾ" ಎಂದಳು, ಮುದ್ದೆಗೆ ಹೇಳುವ ಹಾಗೆ. ಆ ಒಂದು ಮಾತಿನಲ್ಲಿ ಎಲ್ಲ ಬಂತು. ಆ ಬೀದಿಗಳು, ಆ ಬೋರ್ಡುಗಳು, ಮೇಲ್ಗಡೆ ಕೆಳಗಡೆಯ ಭೂಗೋಳ. ನಮ್ಮನ್ನು ಕೇಳದೆ ಮನೆ ಕೊಟ್ಟ ಒಬ್ಬಳೇ ಒಬ್ಬ ಹೆಂಗಸಿನ ಮನೆಯನ್ನು ಒಂದು ಹಿಡಿ ಅವರೆಕಾಯಿಗೆ ಕಳೆದುಕೊಳ್ಳುತ್ತಿದ್ದೆವು. ಕ್ಷಮೆ ಕೇಳಿ ಬಾ ಎನ್ನಲು ನನಗೆ ಧೈರ್ಯವಿರಲಿಲ್ಲ. ಯಾಕೆಂದರೆ ತಪ್ಪು ಅವಳದಾಗಿರಲಿಲ್ಲ. ತಪ್ಪಿಲ್ಲದವರಿಗೆ ಕ್ಷಮೆ ಕೇಳುವುದು ಬಲು ಕಷ್ಟ.

ಆಮೇಲೆ ಮಳೆ ಹಿಡಿಯಿತು. ಬೆಟ್ಟದ ಕಡೆಯ ಕೆರೆಗಳೆಲ್ಲ ಕೋಡಿ ಬಿದ್ದವೆಂದು ಸುದ್ದಿ. ಒಂದು ಬೆಳಿಗ್ಗೆ ಬೀದಿಯಲ್ಲಿ ಜನ ಓಡತೊಡಗಿದರು. "ಹೊಳೆ ಬರ್ತಾ ಐತಂತೆ" ಎಂದು ಯಾರೋ ಕೂಗಿದರು, ಊರಿಗೆ ಮಂತ್ರಿ ಬರುತ್ತಿರುವ ಹಾಗೆ. ಹೊಳೆಯ ಹೆಸರಿನ ಬಡಾವಣೆಯವರು, ಹೊಳೆಗೆ ಬೆನ್ನು ತಿರುಗಿಸಿ ಮನೆ ಕಟ್ಟಿಸಿಕೊಂಡವರು, ಎಲ್ಲರೂ ಮೊಬೈಲು ಎತ್ತಿಕೊಂಡು ಸೇತುವೆಯ ಮೇಲೆ ನಿಂತರು. ಮೊದಲು ಬಂದದ್ದು ನೊರೆ. ನೊರೆಯ ಮೇಲೆ ಪ್ಲಾಸ್ಟಿಕ್ ಬಾಟಲಿಗಳು, ಒಂಟಿ ಚಪ್ಪಲಿಗಳು, ಒಂದು ನೀಲಿ ಕುರ್ಚಿ. ಇಷ್ಟು ವರ್ಷ ಊರುಗಳು ಕೊಟ್ಟದ್ದನ್ನೆಲ್ಲ ಹೊಳೆ ಜೋಪಾನವಾಗಿ ಹೊತ್ತು ತರುತ್ತಿತ್ತು.

ನಾನು ಮನೆಗೆ ಓಡಿ ಬಂದಾಗ ಇಬ್ಬರೂ ಹೆಂಗಸರು ಸೀರೆ ಎತ್ತಿಕಟ್ಟಿಕೊಂಡು ಪಾತಿಯಲ್ಲಿದ್ದರು.  ನೀರು ಇನ್ನೂ ಪಾದ ಮುಳುಗುವಷ್ಟು. ನನ್ನ ಹೆಂಡತಿ ಸಿಕ್ಕಿದ ಕಾಯಿ ಕೀಳುತ್ತಿದ್ದಳು, ಎಳೆಯದೋ ಬಲಿತದ್ದೋ ನೋಡದೆ. ಆಕೆಯೂ ಹಾಗೇ. ನೋಡನೋಡುತ್ತ ಬೇಲಿ ಅಲುಗಾಡಿ, ಮೇಲಕ್ಕೆದ್ದು, ಒಂದು ಸುತ್ತು ತಿರುಗಿ ಹಿಂದೂಪುರದ ಕಡೆಗೆ ಹೊರಟಿತು. ಇಬ್ಬರೂ ಸೊಂಟಕ್ಕೆ ಕೈಯಿಟ್ಟು ಅದು ಹೋಗುವುದನ್ನು ನೋಡಿದರು.

"ಅಮ್ಮ, ಮೇಲಕ್ಕೆ ಬನ್ನಿ, ಕಾಲು ಜಾರತ್ತೆ" ಎಂದಳು ನನ್ನ ಹೆಂಡತಿ. ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಹತ್ತಿ ಬಂದ ಮೇಲೆ ಜಗಳ ಜ್ಞಾಪಕಕ್ಕೆ ಬಂದು ಕೈ ಬಿಟ್ಟಳು. ಇಬ್ಬರ ಮಡಿಲ ಕಾಯಿಯೂ ಒಂದೇ ಮೊರಕ್ಕೆ ಬಿದ್ದಿತ್ತು. ಅದನ್ನು ಬೇರೆ ಮಾಡುವ ದಾರಿ ಯಾರಿಗೂ ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ನೀರು ಮೂರು ಮೆಟ್ಟಿಲು ಮುಳುಗಿಸಿ ನಿಧಾನವಾಗಿ ಹರಿಯುತ್ತಿತ್ತು. ಮನೆಯೊಡತಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅರಿಶಿನ ಬಳಿದ ಜೋಡಿ ಮೊರ. ಅತ್ತೆಯ ಕಾಲದವು, ಪ್ರತಿ ಗೌರಿ ಹಬ್ಬಕ್ಕೂ ಅಟ್ಟದಿಂದ ಇಳಿಸಿ ಅರಿಶಿನ ಬಳಿದು ಮತ್ತೆ ಅಟ್ಟಕ್ಕೇರಿಸುತ್ತಿದ್ದಂಥವು. ಹೊಳೆ ಮೆಟ್ಟಿಲಿಗೆ ಬಂದರೆ ಮೊದಲ ಬಾಗಿನ ಈ ಮನೆಯಿಂದ, ಈ ಮನೆಯ ಮುತ್ತೈದೆಯ ಕೈಯಿಂದ ಹೋಗಬೇಕು ಎಂದು ಕಟ್ಟಳೆ. ಸೊಸೆಗೆ ಫೋನು ಮಾಡಿದ್ದರು. ಸೇತುವೆಯ ಮೇಲೆ ವಾಹನ ಬಿಡದಿದ್ದರಿಂದ, ಚಿಕ್ಕಬಳ್ಳಾಪುರಕ್ಕೆ ಹೋಗಿದ್ದ ಅವಳು ಅಲ್ಲೇ ಸಿಕ್ಕಿಕೊಂಡಿದ್ದಳು. ವಿಡಿಯೋ ಕಾಲಿನಲ್ಲಿ ಕೊಡುತ್ತೇನೆ ಅತ್ತೆ ಎಂದಿದ್ದಳಂತೆ.

"ನೀನೇ ಕೊಡಮ್ಮ" ಎಂದರು ನನ್ನ ಹೆಂಡತಿಗೆ, ಹೊಸಲು ನೋಡುತ್ತ.

ಇವಳು ಸೆರಗಿಗೆ ಕೈ ಒರೆಸಿಕೊಂಡಳು. "ಖಾಲಿ ಮಾಡೋಳು ಈ ಮನೆಯೋಳು ಹೆಂಗಾಗ್ತಾಳಮ್ಮ?"

ಆಕೆ ಮೊರವನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

"ಅದೂ ಅಲ್ದೆ ನಾವು ಬಾಗಿನ ಕೊಡೋ ಜನ ಅಲ್ಲ. ನೀವು ಹೇಳ್ಬೇಡಿ ಅಂದ್ರಲ್ಲ, ಅದನ್ನ ಈಗ ಕೇಳ್ಬಿಡಿ. ಆಮೇಲೆ ಮನಸ್ಸಿಗೆ ಹಚ್ಕೋಬೇಡಿ."

"ಪಟ ನೋಡಿದೀನಿ ಕಣಮ್ಮ. ಗೊತ್ತಿಲ್ದೆ ಏನು. ಬಂದ ದಿನವೇ ಗೊತ್ತು." ಆಕೆ ಮೊರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಬಾಗಿನ ಕೊಡೋ ಜನ ಎಲ್ಲಾ ಮೇನ್ ರೋಡಿಗೆ ಹೋದ್ರು. ಹೊಳೆ ಕಡೆ ಬಾಗಿಲಿಗೆ ದಿನಾ ರಂಗೋಲಿ ಬಿಟ್ಟೋಳು ನೀನು. ಹೊಳೆಗೆ ಗುರುತಿರೋದು ನಿನ್ನ ಕೈನೇ."

ನನ್ನ ಹೆಂಡತಿ ಒಳಗೆ ಹೋಗಿ ಕೈಕಾಲು ತೊಳೆದು ಬಂದಳು. ಒಂದು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ. ಇವಳು ಅದರ ಮೇಲೆ ನಿನ್ನೆಯ ಕಾಯಿಯಲ್ಲಿ ಒಂದು ಹಿಡಿ ಹಾಕಿದಳು. ಇನ್ನೊಂದು ಮೊರ ಮುಚ್ಚಿ, "ಒಂದು ಕಡೆ ನೀವು ಹಿಡ್ಕೊಳ್ಳಿ" ಎಂದಳು.

"ನಾನ್ ಹಿಡೀಬಾರ್ದು ಕಣೇ. ಗಂಡ ಇಲ್ದೋಳು. ಸಂಪ್ರದಾಯ ಇಲ್ಲ."

"ಹೊಳೆ ಒಳಗೆ ಬೇಲಿ ಹಾಕೋ ಸಂಪ್ರದಾಯ ಇತ್ತಾ?"

ಆಕೆಯ ಮುಖದಲ್ಲಿ ಮೊದಲು ಸಿಟ್ಟು ಬಂತು. ಅದು ಅರ್ಧ ದಾರಿಗೆ ಬಂದು ನಗುವಾಯಿತು. "ನಿನ್ನ ಬಾಯಿಗೆ ಬೇಲಿ ಹಾಕ್ಬೇಕಿತ್ತು ನಾನು" ಎಂದು ಮೊರದ ಇನ್ನೊಂದು ತುದಿ ಹಿಡಿದುಕೊಂಡರು.

ಶಾಸ್ತ್ರ ತಿಳಿದವರು ಯಾರಾದರೂ ಅಲ್ಲಿದ್ದಿದ್ದರೆ ಇಬ್ಬರನ್ನೂ ಮೆಟ್ಟಿಲಿನಿಂದ ಇಳಿಸುತ್ತಿದ್ದರು. ಅವರೆಲ್ಲ ಸೇತುವೆಯ ಮೇಲೆ ಫೋಟೋ ತೆಗೆಯುತ್ತಿದ್ದರು. ಮೊರ ನೀರಿಗಿಳಿದು, ಸ್ವಲ್ಪ ದೂರ ನೆಟ್ಟಗೆ ಹೋಗಿ, ಬೇಲಿ ಹೋದ ದಾರಿಯಲ್ಲೇ ತಿರುಗಿತು. ಇಬ್ಬರ ಪಾತಿಯನ್ನೂ ನುಂಗಿದ ಹೊಳೆಗೆ ಇಬ್ಬರೂ ಸೇರಿ ಕೈ ಮುಗಿದರು. ನಾನೂ ಮುಗಿದೆ. ಯಾರಿಗೆ ಎಂದು ಸರಿಯಾಗಿ ಗೊತ್ತಿರಲಿಲ್ಲ.

ಉಳಿದ ಕಾಯಿಯಲ್ಲಿ ಮಧ್ಯಾಹ್ನ ಸಾರಾಯಿತು. ಎಳೆಕಾಯಿ ಹಿತಕಿದರೆ ಬೇಳೆ ಎಷ್ಟು ಸಿಕ್ಕೀತು. ಹೆಚ್ಚು ಕಡಿಮೆ ತಿಳಿನೀರು. ಆಕೆ ನಮ್ಮ ನಡುಮನೆಯಲ್ಲಿ, ಪಟದ ಕೆಳಗೆ ಕೂತು, ಮುದ್ದೆ ಮುರಿದು ಅದರಲ್ಲಿ ಅದ್ದಿ ಉಂಡರು. ಉಪ್ಪು ಕಡಿಮೆ ಎಂದರು. ಪಟ ಇನ್ನೂ ಸೊಟ್ಟಗೇ ಇದೆ ಎಂದರು.

ನನಗೆ ಮಾತ್ರ ಒಂದು ಚಿಂತೆ ಉಳಿದಿತ್ತು. ಅವರೆಕಾಯಿ ಮುಗಿಯಲಿ ಎಂದಲ್ಲವೇ ಆಕೆ ಹೇಳಿದ್ದು. ಮುಗಿದಿತ್ತು, ಅದನ್ನು ಉಂಡು ಕೈ ತೊಳೆದೂ ಆಗಿತ್ತು. ಎರಡು ದಿನ ತಾಳಿ, ತಡೆಯಲಾರದೆ ಕೇಳಿದೆ. "ಅಮ್ಮ, ಮನೆ ವಿಷಯ. ನೋಡ್ಲಾ?"

"ಏನ್ ನೋಡ್ತೀರಿ?"

"ಅವರೆಕಾಯಿ ಮುಗೀತಲ್ಲ."

"ಮುಗೀತು ಅಂತ ನಾನ್ ಹೇಳಿದ್ನಾ? ನೀರು ಇಳಿದ್ಮೇಲೆ ಆ ಮೆಕ್ಕಲಲ್ಲಿ ನೋಡಿ ಹೆಂಗ್ ಬರತ್ತೆ. ಬಿತ್ತಿ ಉಳಿದ ಬೀಜ ಇಟ್ಟಿದೀನಿ. ಮೇಷ್ಟ್ರಾಗಿ ಇಷ್ಟು ಅವಸರ ಮಾಡಿದ್ರೆ ಹೆಂಗೆ."

ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಪೊರಕೆ ಹಿಡಿದು ಅಂಗಳಕ್ಕೆ ಹೋದಳು. ನೆಲದಲ್ಲಿ ಒಂದು ಹುಣಸೆ ಎಲೆಯೂ ಇರಲಿಲ್ಲ. ಯಾರೋ ಗುಡಿಸಿ ಮೂಲೆಗೆ ಗುಡ್ಡೆ ಹಾಕಿದ್ದರು. ಇವಳು ಪೊರಕೆ ಹಿಡಿದುಕೊಂಡೇ ನಿಂತು ನೋಡಿದಳು. ಅದರ ಮಾರನೆಯ ದಿನ ಇನ್ನೂ ಬೇಗ ಎದ್ದು ತಾನೇ ಗುಡಿಸಿ ಬಂದಳು. ಅದರಾಚೆಯ ದಿನ ಆಕೆ ಇವಳಿಗಿಂತ ಬೇಗ ಎದ್ದರು. ಹೊಳೆ ಮತ್ತೆ ಮರಳಾಗಿದೆ, ಮೇಕೆಗಳು ವಾಪಸ್ಸು ಬಂದಿವೆ. ನಾವು ಅದೇ ಮನೆಯಲ್ಲಿದ್ದೇವೆ, ಮತ್ತು ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಕೇಳುವ ಸದ್ದು ಈಗ ಪೊರಕೆಯದು.